ಹೊಡೆತದಿಂದ ಹೊರಡುವ ಮಾತು ಸತ್ಯವೇ?

ಕಳೆದ ಮಳೆಗಾಲದ ಒಂದು ಸಂಜೆ ಶಿಕಾರಿಪುರ ತಾಲ್ಲೂಕಿನ ಹಳ್ಳಿಯೊಂದಕ್ಕೆ ಕುಟುಂಬ ಭೇಟಿಗೆಂದು ಹೋಗಿದ್ದೆ. ಜಪಸರ ಪ್ರಾರ್ಥನೆಗೆ ಇನ್ನೂ ಅರ್ಧ ಗಂಟೆಯಿತ್ತು. ಮನೆಯ ಹಿರಿಯರು ಹಟ್ಟಿಯಲ್ಲಿದ್ದರು, ತಾಯಿ ಒಲೆಯ ಮುಂದಿದ್ದರು. ಪಡಸಾಲೆಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ದೂರದರ್ಶನದ ಎದುರು ಕುಳಿತಿದ್ದ. ಪರದೆಯ ಮೇಲೆ ಒಬ್ಬ ಆರೋಪಿಯನ್ನು ಕುರ್ಚಿಗೆ ಕಟ್ಟಲಾಗಿತ್ತು. ಅಧಿಕಾರಿಯೊಬ್ಬ ಅವನ ಕೆನ್ನೆಗೆ ಬಾರಿಸುತ್ತಿದ್ದ. ಮೂರನೆಯ ಏಟಿಗೆ ಆರೋಪಿ ಎಲ್ಲವನ್ನೂ ಹೇಳಿಬಿಟ್ಟ. ಹುಡುಗ ಚಪ್ಪಾಳೆ ತಟ್ಟಿದ.

"ಯಾಕಪ್ಪಾ, ಅಷ್ಟೊಂದು ಖುಷಿ?" ಎಂದು ಕೇಳಿದೆ.

"ಹೊಡದ್ರೆ ತಾನೇ ಫಾದರ್, ಕಳ್ಳ ಬಾಯಿ ಬಿಡೋದು!" ಎಂದ.

"ಅವನು ಕಳ್ಳ ಅಲ್ಲದೇ ಇದ್ದಿದ್ರೆ?"

ಹುಡುಗ ಕ್ಷಣಕಾಲ ನನ್ನ ಮುಖ ನೋಡಿದ. "ಕಳ್ಳ ಅಲ್ಲದಿದ್ರೆ ಯಾಕೆ ಹೊಡೀತಿದ್ರು?" ಎಂದು ಮರುಪ್ರಶ್ನೆ ಹಾಕಿದ.

ಆ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು. ಆ ಬಾಲಕನ ತರ್ಕದಲ್ಲಿ ಪೆಟ್ಟೇ ಅಪರಾಧಕ್ಕೆ ಸಾಕ್ಷಿ. ಏಟು ಬಿದ್ದವನು ತಪ್ಪಿತಸ್ಥ, ಏಟು ಕೊಟ್ಟವನು ನ್ಯಾಯವಂತ. ಈ ಪಾಠವನ್ನು ಅವನಿಗೆ ತಂದೆತಾಯಿ ಕಲಿಸಿರಲಿಲ್ಲ, ಶಾಲೆಯಾಗಲಿ ಧರ್ಮೋಪದೇಶದ ತರಗತಿಯಾಗಲಿ ಕಲಿಸಿರಲಿಲ್ಲ. ದಿನಕ್ಕೆ ಅರ್ಧ ಗಂಟೆಯಂತೆ, ಮನೆಯ ಪಡಸಾಲೆಯಲ್ಲಿಯೇ, ಯಾರ ಗಮನಕ್ಕೂ ಬಾರದಂತೆ ಪರದೆಯು ಅದನ್ನು ಕಲಿಸಿತ್ತು. ಆದರೆ ಹಿಂಸೆಯನ್ನು ದೃಶ್ಯವಾಗಿ ತೋರಿಸುವುದು ದೂರದರ್ಶನದಿಂದ ಆರಂಭವಾದ ಸಂಗತಿಯೇ? ನಾವು ಬಾಳುತ್ತಿರುವ ಈ ನೆಲದ ಚರಿತ್ರೆ ಇದರ ಬಗ್ಗೆ ಏನು ಹೇಳುತ್ತದೆ? ಇದನ್ನು ಪ್ರಿಯ ಓದುಗರೊಂದಿಗೆ ಕೂಡಿ ಆಲೋಚಿಸುವುದೇ ಈ ಲೇಖನದ ಉದ್ದೇಶ.

ಶಿಕಾರಿಪುರ, ಸೊರಬ ತಾಲ್ಲೂಕುಗಳು ಶಾಸನಗಳ ಸೀಮೆ. ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿಯೂ ಸೊರಬದ ಶಾಸನಗಳನ್ನು 1904ರಲ್ಲಿಯೂ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಪ್ರಕಟಿಸಿದರು. ಇಲ್ಲಿನ ಊರೂರುಗಳಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ, ಗದ್ದೆಯ ಬದುವಿನಲ್ಲಿ ವೀರಗಲ್ಲುಗಳು ನಿಂತಿವೆ. ಅವು ಅಂದಿನ ಜನರ ದೃಶ್ಯಮಾಧ್ಯಮವೆಂದರೆ ತಪ್ಪಾಗಲಾರದು. ಅಕ್ಷರ ಬಾರದವನೂ ಅದನ್ನು ಕೆಳಗಿನಿಂದ ಮೇಲಕ್ಕೆ ನೋಡಿ ಕಥೆಯನ್ನು ತಿಳಿಯುತ್ತಿದ್ದ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕೈಹಿಡಿದು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸಾನ್ನಿಧ್ಯ. ಊರ ದನಗಳನ್ನು ಹಿಡಿದೊಯ್ಯುವ ತುರುಗೋಳ್, ಹೆಣ್ಣುಮಕ್ಕಳ ಮಾನಕ್ಕೆ ಎರಗುವ ಪೆಣ್ಬುಯ್ಯಲ್, ಊರನ್ನೇ ಹಾಳುಗೆಡವುವ ಊರಳಿವು, ಇಂಥ ಸಂದರ್ಭಗಳಲ್ಲಿ ಎದುರು ನಿಂತು ಸತ್ತವರ ನೆನಪಿಗಾಗಿ ಈ ಕಲ್ಲುಗಳನ್ನು ನೆಟ್ಟರು.

ಇಲ್ಲಿ ಹಿಂಸೆಯಿದೆ, ಬಾಣ, ಕತ್ತಿ, ರಕ್ತ ಎಲ್ಲವೂ ಇವೆ. ಆದರೂ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ವೀರಗಲ್ಲು ಸಾಮಾನ್ಯವಾಗಿ ಕೊಂದವನ ಸ್ಮಾರಕವಲ್ಲ, ಪರರಿಗಾಗಿ ಪ್ರಾಣ ತೆತ್ತವನ ಸ್ಮಾರಕ. ಅವನ ಎದುರಾಳಿಯ ಕೈಯಲ್ಲಿಯೂ ಆಯುಧವಿದೆ. ಕೈಕಾಲು ಕಟ್ಟಿಹಾಕಿದ ಒಬ್ಬ ಬಂದಿಯನ್ನು ಬಡಿದವನಿಗಾಗಿ ಊರವರು ಪೂಜಿಸಿದ ವೀರಗಲ್ಲನ್ನು ನಾನಂತೂ ಕಂಡಿಲ್ಲ. ಇಂದಿನ ಪರದೆಯ ಅನೇಕ ನಾಯಕರ ಶೌರ್ಯವಾದರೋ, ಕುರ್ಚಿಗೆ ಕಟ್ಟಿದವನ ಮುಂದೆಯೇ ಪ್ರಕಟವಾಗುತ್ತದೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರೆಂದು ನಮಗೆಲ್ಲ ಗೊತ್ತು. ಅಲ್ಲಿಯ ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಅಧ್ಯಯನಕ್ಕೆ ಅದು ನೆಲೆ; ದೀನರಿಗೆ, ಅನಾಥರಿಗೆ, ಕುಂಟರು ಕುರುಡರಿಗೆ ಅನ್ನ ನೀಡುವ ಸ್ಥಾನ; ರೋಗಿಗಳಿಗೆ ಚಿಕಿತ್ಸೆಯ ಸ್ಥಾನ; ಕಡೆಗೆ, ಸಕಲ ಜೀವಿಗಳಿಗೂ ಅಭಯ ನೀಡುವ ಸ್ಥಾನ ಎಂದು ಆ ಶಾಸನದ ತಾತ್ಪರ್ಯ. ವಿದ್ಯೆ, ಅನ್ನ, ಔಷಧಗಳ ಸಾಲಿನಲ್ಲಿ ಅಭಯವನ್ನೂ ಸೇರಿಸಿದ ಆ ಮನಸ್ಸು ದೊಡ್ಡದು. ಹೆದರಿದವನು ಬಂದು ನಿಲ್ಲಲು ಒಂದು ಜಾಗ ಬೇಕು ಎಂಬ ಅರಿವು ಎಂಟೂವರೆ ಶತಮಾನಗಳ ಹಿಂದೆ ಈ ಮಣ್ಣಿನಲ್ಲಿತ್ತು.

ಹಾಗೆಂದು ಗತಕಾಲವೆಲ್ಲ ಚೆನ್ನಾಗಿತ್ತೆಂದು ಭ್ರಮಿಸಬೇಕಾಗಿಲ್ಲ. 1830-31ರಲ್ಲಿ ನಗರ ಸೀಮೆಯ ರೈತರು ಬಂಡೆದ್ದರು. ಶಿಕಾರಿಪುರ, ಸೊರಬಗಳೂ ಆ ಸೀಮೆಗೆ ಸೇರಿದ್ದವು. ಇಷ್ಟು ಕಂದಾಯವನ್ನು ಎತ್ತಿಕೊಡುತ್ತೇನೆಂದು ಅಧಿಕಾರಿಯಿಂದ ಮೊದಲೇ ಒಪ್ಪಂದ ಬರೆಸಿಕೊಳ್ಳುವ ಶರತ್ತಿನ ಪದ್ಧತಿ ಅಂದು ಮೈಸೂರು ಸಂಸ್ಥಾನದಲ್ಲಿತ್ತು. ಒಪ್ಪಿದ ಹಣವನ್ನು ಅಧಿಕಾರಿಯು ರೈತನ ಬೆನ್ನಿನಿಂದಲೇ ಹಿಂಡಬೇಕಾಗುತ್ತಿತ್ತು. ಬಂಡಾಯವನ್ನು ಅಡಗಿಸುವಾಗ ಅನೇಕರನ್ನು ನೇಣಿಗೆ ಹಾಕಿದರು, ಕೆಲವರ ಮೂಗು ಕಿವಿಗಳನ್ನು ಕತ್ತರಿಸಿದರು. 1831ರಲ್ಲಿ ಸಂಸ್ಥಾನದ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡರು. ಬಂಡಾಯದ ಕಾರಣಗಳನ್ನು ಶೋಧಿಸಲು ನೇಮಕವಾದ ಸಮಿತಿಯು 1833ರಲ್ಲಿ ವರದಿ ನೀಡಿತು.

ಬ್ರಿಟಿಷರ ಸ್ವಂತ ಆಳ್ವಿಕೆಯಲ್ಲಿಯೂ ಪರಿಸ್ಥಿತಿ ಉತ್ತಮವಾಗಿರಲಿಲ್ಲ. ಆಗ ಕೆನರಾ, ಬಳ್ಳಾರಿಗಳನ್ನು ಒಳಗೊಂಡಿದ್ದ ಮದರಾಸು ಪ್ರಾಂತದಲ್ಲಿ ಚಿತ್ರಹಿಂಸೆಯ ಬಗ್ಗೆ ವಿಚಾರಣೆ ನಡೆಸಿದ ಆಯೋಗವೊಂದು 1855ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಕಂದಾಯ ವಸೂಲಿಗಾಗಿಯೂ ಅಪರಾಧ ಒಪ್ಪಿಸುವುದಕ್ಕಾಗಿಯೂ ಜನರನ್ನು ಬಿಸಿಲಿನಲ್ಲಿ ನಿಲ್ಲಿಸುವುದು, ಕುತ್ತಿಗೆಯನ್ನು ಕಾಲಿಗೆ ಬಿಗಿದು ಬಗ್ಗಿಸುವುದು, ಎರಡು ಮರದ ಪಟ್ಟಿಗಳ ನಡುವೆ ಬೆರಳುಗಳನ್ನು ಇಟ್ಟು ಅದುಮುವ 'ಕಿಟ್ಟಿ'ಯನ್ನು ಬಳಸುವುದು ಇವೆಲ್ಲ ನಡೆಯುತ್ತಿದ್ದವೆಂದು ಆಯೋಗ ದಾಖಲಿಸಿತು. ಇಂಥ ಅನುಭವಗಳ ಹಿನ್ನೆಲೆಯಲ್ಲಿಯೇ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಬಾರದೆಂಬ ನಿಯಮ 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸೇರಿತು. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು ಅದನ್ನೇ ಮುಂದುವರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿಯೂ ಅದು ಉಳಿದಿದೆ.

ಅಂದರೆ, ಧಾರಾವಾಹಿಯಲ್ಲಿ ಮೂರನೆಯ ಏಟಿಗೆ ಹೊರಬರುವ ಆ ತಪ್ಪೊಪ್ಪಿಗೆಗೆ ನಮ್ಮ ನ್ಯಾಯಾಲಯಗಳಲ್ಲಿ ಬೆಲೆಯಿಲ್ಲ. ಪರದೆಯ ಮೇಲೆ ಕಥೆ ಮುಗಿಯುವ ಸ್ಥಳದಲ್ಲಿ ಕಾನೂನಿನ ಪ್ರಕಾರ ಕಥೆ ಇನ್ನೂ ಆರಂಭವೇ ಆಗಿರುವುದಿಲ್ಲ. ಒಂದೂವರೆ ಶತಮಾನಕ್ಕೂ ಮಿಕ್ಕಿ ನಮ್ಮ ಕಾನೂನು ಹೇಳುತ್ತ ಬಂದಿರುವ ಮಾತನ್ನು ನಮ್ಮ ಮಕ್ಕಳು ಒಮ್ಮೆಯೂ ಕೇಳಿಲ್ಲ.

ಈಗ ಈಸೂರಿಗೆ ಬರೋಣ. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಮಾತನ್ನು ಕೇಳದ ಕನ್ನಡಿಗರು ವಿರಳ. 1942ರ ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಪುಟ್ಟ ಗ್ರಾಮ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಏರಿತು. ಎಳೆಯ ಹುಡುಗರನ್ನು ಅಮಲ್ದಾರನೆಂದೂ ಸಬ್ ಇನ್ಸ್‌ಪೆಕ್ಟರನೆಂದೂ ನೇಮಿಸಿಕೊಂಡು ಊರವರು ತಮ್ಮದೇ ಸರ್ಕಾರ ಕಟ್ಟಿದರು. 1942ರ ಸೆಪ್ಟೆಂಬರ್ 28ರಂದು ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಇವರು ಪೊಲೀಸರೊಂದಿಗೆ ಊರಿಗೆ ಬಂದಾಗ ಘರ್ಷಣೆ ಉಂಟಾಯಿತು, ಗುಂಡು ಹಾರಿತು, ಉದ್ರಿಕ್ತ ಜನಸಮೂಹದ ಕೈಯಲ್ಲಿ ಆ ಇಬ್ಬರು ಅಧಿಕಾರಿಗಳೂ ಹತರಾದರು. ಅನಂತರ ಪೊಲೀಸರೂ ಸೈನಿಕರೂ ಊರಿನ ಮೇಲೆ ಎರಗಿದರು. ಮನೆಗಳು ಲೂಟಿಯಾದವು. ಜನ ಕಾಡು ಸೇರಿದರು. ಸೆರೆಯಾದವರಲ್ಲಿ ಹೆಂಗಸರೂ ಇದ್ದರು. ವಿಚಾರಣೆ ನಡೆದು, 1943ರ ಮಾರ್ಚ್ ತಿಂಗಳಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು.

ಈ ಘಟನೆಯನ್ನು ನಾನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. 1943ರಲ್ಲಿ ಸಂಸ್ಥಾನದ ಕಡತಗಳಲ್ಲಿ ಆ ಐವರು ಕೊಲೆಗಡುಕರು. 1947ರ ಬಳಿಕ ಅವರೇ ಹುತಾತ್ಮರು. ನಡುವೆ ಐದು ವರ್ಷವೂ ಕಳೆದಿರಲಿಲ್ಲ. ಒಂದು ವೇಳೆ 1942ರಲ್ಲಿ ದೂರದರ್ಶನವಿದ್ದು, ಅಧಿಕಾರದಲ್ಲಿದ್ದವರೇ ಕಥೆ ಹೇಳಿದ್ದರೆ, ಈಸೂರಿನ ರೈತನೊಬ್ಬನನ್ನು ಲಾಠಿಯಿಂದ ಬಡಿಯುವ ದೃಶ್ಯಕ್ಕೆ ಬೆಂಗಳೂರಿನ ಮನೆಗಳಲ್ಲಿ ಚಪ್ಪಾಳೆ ಬೀಳುತ್ತಿತ್ತಲ್ಲವೇ? ಯಾರು ಅಪರಾಧಿ ಎಂಬುದನ್ನು ಲಾಠಿ ಹಿಡಿದವನೇ ನಿರ್ಣಯಿಸಲಿ ಎನ್ನುವವರು ಈಸೂರಿನ ಹುತಾತ್ಮರ ಸ್ಮಾರಕದ ಮುಂದೆ ಒಮ್ಮೆ ನಿಂತು ಆ ಮಾತನ್ನು ಹೇಳಿ ನೋಡಬೇಕು. ಅಂತೆಯೇ ಇನ್ನೊಂದು ಮಾತು. ಹುತಾತ್ಮರ ಹೆಸರುಗಳನ್ನು ನಾವು ಗೌರವದಿಂದ ಸ್ಮರಿಸುತ್ತೇವೆ, ಸ್ಮರಿಸಲೇಬೇಕು. ಆದರೆ ಸತ್ತ ಆ ಇಬ್ಬರು ಅಧಿಕಾರಿಗಳಿಗೂ ಮನೆಗಳಿದ್ದವು, ಮನೆಯವರಿದ್ದರು. ಕೆರಳಿದ ಗುಂಪಿನ ಕೈಗೆ ನ್ಯಾಯವನ್ನು ಒಪ್ಪಿಸಿದಾಗಲೂ, ಕೆರಳಿದ ಸರ್ಕಾರದ ಕೈಗೆ ಒಪ್ಪಿಸಿದಾಗಲೂ, ಮೊದಲು ಸಾಯುವುದು ವಿವೇಕ. ಈಸೂರು ಈ ಎರಡೂ ಪಾಠಗಳನ್ನು ಒಟ್ಟಿಗೆ ಕಲಿಸುತ್ತದೆ.

ಇನ್ನು ಪರದೆಯ ಕಡೆಗೆ ತಿರುಗೋಣ. 1981ರಲ್ಲಿ ತೆರೆಕಂಡ 'ಅಂತ' ಚಿತ್ರವನ್ನು ನಮ್ಮ ಪೀಳಿಗೆಯವರು ಮರೆತಿಲ್ಲ. ಅದರಲ್ಲಿ ದುಷ್ಟರು ಪ್ರಾಮಾಣಿಕ ಪೊಲೀಸ್ ಅಧಿಕಾರಿಯ ಉಗುರುಗಳನ್ನು ಕೀಳುವ ದೃಶ್ಯವನ್ನು ಕಂಡು ಪ್ರೇಕ್ಷಕರು ಕಣ್ಣು ಮುಚ್ಚಿಕೊಂಡರು. ಆ ಕ್ರೌರ್ಯದ ಬಗ್ಗೆ ಸಾಕಷ್ಟು ಚರ್ಚೆ ನಡೆಯಿತು. ಆದರೂ ಅಲ್ಲಿ ಹಿಂಸೆ ಕೊಡುವವನು ಖಳನೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. 1996ರ 'ಪೊಲೀಸ್ ಸ್ಟೋರಿ'ಯ ಹೊತ್ತಿಗೆ ನಮ್ಮ ಸಹಾನುಭೂತಿ ಬೇರೆ ಕಡೆಗೆ ವಾಲಿತ್ತು. ಕಾನೂನಿನ ನಿಧಾನಕ್ಕೆ ಬೇಸತ್ತು, ಅಬ್ಬರಿಸುವ ಖಾಕಿಯ ನಾಯಕನಿಗೆ ಚಿತ್ರಮಂದಿರಗಳಲ್ಲಿ ಶಿಳ್ಳೆ ಬಿದ್ದವು. 1998ರಲ್ಲಿ ಆರಂಭವಾದ ಹಿಂದಿಯ 'ಸಿಐಡಿ' ಧಾರಾವಾಹಿ ಇಪ್ಪತ್ತು ವರ್ಷ ಎಡೆಬಿಡದೆ ನಡೆಯಿತು. ಅಲ್ಲಿ ತನಿಖೆಯ ಕೊನೆಗೆ ಕಪಾಳಮೋಕ್ಷ, ಅದರ ಬೆನ್ನಿಗೇ ತಪ್ಪೊಪ್ಪಿಗೆ. ಗಲ್ಲು ಶಿಕ್ಷೆಯನ್ನೂ ಪೊಲೀಸ್ ಅಧಿಕಾರಿಯೇ ಘೋಷಿಸಿಬಿಡುತ್ತಿದ್ದರು. ನ್ಯಾಯಾಧೀಶರ ಅಗತ್ಯವೇ ಇರಲಿಲ್ಲ.

ಈ ಮಾಧ್ಯಮವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಟಿ. ಎನ್. ಸೀತಾರಾಂ ಅವರ ಧಾರಾವಾಹಿಗಳು ಪ್ರಸಾರವಾಗುತ್ತಿದ್ದ ಕಾಲವನ್ನು ನೆನೆದುಕೊಳ್ಳಿ. 'ಮುಕ್ತ' ಮೊದಲಾದ ಧಾರಾವಾಹಿಗಳಲ್ಲಿ ಅವರೇ ಅಭಿನಯಿಸುತ್ತಿದ್ದ ವಕೀಲ ಸಿಎಸ್‌ಪಿ ಪಾತ್ರ ನ್ಯಾಯಾಲಯದಲ್ಲಿ ಎದ್ದು ನಿಂತರೆ ಮನೆಮಂದಿಯೆಲ್ಲ ಊಟ ಬಿಟ್ಟು ಕುಳಿತುಕೊಳ್ಳುತ್ತಿದ್ದರು. ಆ ಪಾತ್ರದ ಆಯುಧ ಕೇವಲ ಪ್ರಶ್ನೆ. ಸಾಕ್ಷಿಯ ಮಾತಿನಲ್ಲಿರುವ ವಿರೋಧಾಭಾಸವನ್ನು ತಾಳ್ಮೆಯಿಂದ ಎಳೆಎಳೆಯಾಗಿ ಬಿಡಿಸುವುದರಲ್ಲಿಯೂ ನೋಡುಗರ ಎದೆ ಬಡಿತ ಹೆಚ್ಚಬಹುದೆಂಬುದನ್ನು ಆ ಧಾರಾವಾಹಿಗಳು ತೋರಿಸಿಕೊಟ್ಟವು. ಆದ್ದರಿಂದ, ಹೊಡೆತವಿಲ್ಲದಿದ್ದರೆ ಜನ ನೋಡುವುದಿಲ್ಲ ಎಂಬ ನೆಪ ಕನ್ನಡದಲ್ಲಿ ಸಲ್ಲದು.

ಈ ಪ್ರಶ್ನೆ ಅಮೆರಿಕದಲ್ಲಿಯೂ ಎದ್ದಿತ್ತು. ಅಲ್ಲಿ 2001ರ ನವೆಂಬರ್‌ನಲ್ಲಿ '24' ಎಂಬ ಧಾರಾವಾಹಿ ಆರಂಭವಾಯಿತು. ಎಲ್ಲಿಯೋ ಬಾಂಬು ಇಡಲಾಗಿದೆ, ಗಡಿಯಾರ ಓಡುತ್ತಿದೆ, ಸೆರೆಸಿಕ್ಕವನು ಬಾಯಿ ಬಿಡುತ್ತಿಲ್ಲ. ಆದುದರಿಂದ ನಾಯಕ ಅವನನ್ನು ಹಿಂಸಿಸುತ್ತಾನೆ, ಸತ್ಯ ಹೊರಬರುತ್ತದೆ, ನಗರ ಉಳಿಯುತ್ತದೆ. ಇದೇ ಅದರ ಸೂತ್ರ. 2006ರ ನವೆಂಬರ್‌ನಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನ್ನೆಗನ್ ಅವರು ಅನುಭವಿ ವಿಚಾರಣಾಧಿಕಾರಿಗಳೊಂದಿಗೆ ಆ ಧಾರಾವಾಹಿಯ ನಿರ್ಮಾಪಕರನ್ನು ಭೇಟಿಯಾದರು. ಈ ದೃಶ್ಯಗಳನ್ನು ನೋಡಿ ಬೆಳೆದ ಯುವ ಸೈನಿಕರಿಗೆ ಕಾನೂನಿನ ಮಿತಿಗಳನ್ನು ಕಲಿಸುವುದೇ ಕಷ್ಟವಾಗಿದೆ ಎಂಬುದು ಅವರ ಅಳಲು. ಸೇನಾಧಿಕಾರಿಯೊಬ್ಬರು ಕಥೆಗಾರರ ಬಳಿಗೆ ಹೋಗಿ ಹೀಗೆ ಬೇಡಿಕೊಳ್ಳಬೇಕಾಯಿತೆಂದರೆ ಕಥೆಯ ಶಕ್ತಿ ಎಂಥದೆಂದು ಊಹಿಸಬಹುದು. 2014ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ತನ್ನ ಗುಪ್ತಚರ ಸಂಸ್ಥೆಯ ಕಡತಗಳನ್ನು ಪರಿಶೀಲಿಸಿ, ಕ್ರೂರ ವಿಧಾನಗಳು ಮಾಹಿತಿ ಪಡೆಯಲು ಪರಿಣಾಮಕಾರಿಯಾಗಿರಲಿಲ್ಲವೆಂದು ವರದಿ ಮಾಡಿತು. ಪರದೆಯ ಮೇಲೆ ಸದಾ ಫಲಿಸುವ ಉಪಾಯ ವಾಸ್ತವದಲ್ಲಿ ಫಲಿಸಿರಲಿಲ್ಲ.

ನಮ್ಮಲ್ಲಿ ಕಲ್ಪನೆಗೂ ಸುದ್ದಿಗೂ ನಡುವಣ ಗೆರೆಯೇ ಅಳಿಸಿಹೋದ ಪ್ರಸಂಗಗಳಿವೆ. ನಕಲಿ ಛಾಪಾ ಕಾಗದದ ಹಗರಣದ ಆರೋಪಿ ತೆಲಗಿಗೆ ಬೆಂಗಳೂರಿನಲ್ಲಿ ಔಷಧ ಚುಚ್ಚಿ ಅರೆಪ್ರಜ್ಞೆಯಲ್ಲಿ ಪ್ರಶ್ನಿಸಿದ ಮಂಪರು ಪರೀಕ್ಷೆಯ ದೃಶ್ಯಗಳು ದೂರದರ್ಶನ ವಾಹಿನಿಗಳಲ್ಲಿ ಪ್ರಸಾರವಾದವು. ಜನ ಅದನ್ನು ಧಾರಾವಾಹಿಯಂತೆಯೇ ನೋಡಿದರು. 2010ರ ಮೇ 5ರಂದು 'ಸೆಲ್ವಿ ಮತ್ತು ಕರ್ನಾಟಕ ರಾಜ್ಯ' ಎಂಬ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ನೀಡಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಪಡಿಸಬಾರದೆಂಬ 20(3)ನೆಯ ವಿಧಿ ಅದಕ್ಕೆ ಆಧಾರ. ತೀರ್ಪು ಬಂದ ಸುದ್ದಿ ಎಷ್ಟು ಮನೆಗಳನ್ನು ತಲಪಿತೋ ನಾನರಿಯೆ. ಮಂಪರಿನ ದೃಶ್ಯಗಳಂತೂ ಮನೆಮನೆಯನ್ನೂ ತಲಪಿದ್ದವು.

2019ರ ಡಿಸೆಂಬರ್ 6ರಂದು ಹೈದರಾಬಾದಿನ ಸಮೀಪ, ಯುವ ಪಶುವೈದ್ಯೆಯೊಬ್ಬರ ಮೇಲಿನ ಘೋರ ಅತ್ಯಾಚಾರ ಹಾಗೂ ಹತ್ಯೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದರು. ಜನ ಪೊಲೀಸರ ಮೇಲೆ ಹೂವಿನ ದಳಗಳನ್ನು ಎರಚಿದರು, ಸಿಹಿ ಹಂಚಿದರು. ನಮ್ಮ ಧರ್ಮಕೇಂದ್ರಗಳಲ್ಲಿಯೂ ಸಂತೋಷಪಟ್ಟವರಿದ್ದರು. ಆ ಹೆಣ್ಣುಮಗಳಿಗಾದ ಅನ್ಯಾಯದ ಮುಂದೆ ಅವರ ಕೋಪ ಸಹಜವಾದುದೇ. ಆದರೆ ಸರ್ವೋಚ್ಚ ನ್ಯಾಯಾಲಯ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಬಹಿರಂಗವಾದಾಗ, ಪೊಲೀಸರು ಹೇಳಿದ ಕಥೆ ನಂಬಲರ್ಹವಲ್ಲವೆಂದೂ ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಕರೆಂದೂ ಅದು ಹೇಳಿತ್ತು. ಅವರು ಅಪರಾಧಿಗಳೇ ಆಗಿದ್ದರೋ ಅಲ್ಲವೋ ಎಂಬುದನ್ನು ಇನ್ನು ಯಾವ ನ್ಯಾಯಾಲಯವೂ ನಿರ್ಣಯಿಸಲಾರದು. ಹೂವು ಎರಚಿ ಏಳು ತಿಂಗಳು ತುಂಬುವ ಮೊದಲೇ, 2020ರ ಜೂನ್‌ನಲ್ಲಿ, ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ ಲಾಕ್‌ಡೌನ್ ನಿಯಮ ಮೀರಿ ಅಂಗಡಿ ತೆರೆದಿದ್ದರೆಂಬ ಆಪಾದನೆಯ ಮೇಲೆ ಠಾಣೆಗೆ ಒಯ್ಯಲ್ಪಟ್ಟ ತಂದೆ ಮಗ ಇಬ್ಬರೂ ಪ್ರಾಣ ಬಿಟ್ಟರು. ಆಗ ನಾವೆಲ್ಲ ಕಣ್ಣೀರಿಟ್ಟೆವು. ಒಂದು ಠಾಣೆಯ ಕೈಗೆ ಹೂವನ್ನೂ ಇನ್ನೊಂದು ಠಾಣೆಯ ಕೈಗೆ ಶಾಪವನ್ನೂ ನೀಡಿದ ನಮಗೆ, ಆ ಎರಡೂ ಕೈಗಳಿಗೆ ಬಲ ತುಂಬಿದ್ದು ನಮ್ಮದೇ ಚಪ್ಪಾಳೆ ಎಂಬುದು ಹೊಳೆಯಲಿಲ್ಲ.

ಈ ವಿಷಯದಲ್ಲಿ ಧರ್ಮಸಭೆಯ ಚರಿತ್ರೆಯೂ ನಿಷ್ಕಳಂಕವಲ್ಲ. 866ರಲ್ಲಿ ಒಂದನೆಯ ನಿಕೋಲಾಸ್ ಪೋಪರು ಬಲ್ಗೇರಿಯದ ಜನರಿಗೆ ಬರೆದ ಪತ್ರದಲ್ಲಿ, ಹೊಡೆದು ತಪ್ಪೊಪ್ಪಿಸುವ ಪದ್ಧತಿಯನ್ನು ಖಂಡಿಸಿದ್ದರು. ಆದರೆ 1252ರಲ್ಲಿ ನಾಲ್ಕನೆಯ ಇನ್ನೊಸೆಂಟ್ ಪೋಪರು ಪಾಷಂಡಿಗಳ ವಿಚಾರಣೆಯಲ್ಲಿ ಹಿಂಸೆಗೆ ಅನುಮತಿಯಿತ್ತರು. ನಮಗೆ ದೂರವಲ್ಲದ ಗೋವೆಯಲ್ಲಿಯೂ 1560ರಲ್ಲಿ ಅಂಥ ನ್ಯಾಯಮಂಡಳಿ ಸ್ಥಾಪನೆಯಾಯಿತು. ಈ ಕತ್ತಲೆಯ ನಡುವೆ ಫ್ರೆಡರಿಕ್ ಸ್ಪೇ ಎಂಬ ಜರ್ಮನ್ ಯೇಸುಸಭೆಯ ಗುರುವಿನ ದನಿ ಕೇಳಿಬಂತು. ಮಾಟಗಾತಿಯರೆಂಬ ಆರೋಪ ಹೊತ್ತು ಸಾವಿನ ದಾರಿಯಲ್ಲಿದ್ದ ಹೆಂಗಸರ ಪಾಪನಿವೇದನೆಯನ್ನು ಕೇಳಿದ ಅವರು, 1631ರಲ್ಲಿ ತಮ್ಮ ಹೆಸರನ್ನು ಮರೆಮಾಚಿ ಒಂದು ಗ್ರಂಥವನ್ನು ಪ್ರಕಟಿಸಿದರು. ಇದೇ ಹಿಂಸೆಯನ್ನು ನ್ಯಾಯಾಧೀಶರಿಗೂ ಗುರುಗಳಿಗೂ ಕೊಟ್ಟು ನೋಡಿ, ಅವರೂ ತಾವು ಮಾಟಗಾರರೆಂದು ಒಪ್ಪಿಕೊಳ್ಳುತ್ತಾರೆ ಎಂಬುದು ಅದರ ವಾದದ ಸಾರ. 1816ರಲ್ಲಿ ಏಳನೆಯ ಪಿಯುಸ್ ಪೋಪರು ತಮ್ಮ ಆಡಳಿತದಲ್ಲಿ ಚಿತ್ರಹಿಂಸೆಯನ್ನು ರದ್ದುಗೊಳಿಸಿದರು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ತಪ್ಪೊಪ್ಪಿಸಲು ಹಿಂಸಿಸುವುದನ್ನು ಮಾನವ ಘನತೆಗೆ ವಿರುದ್ಧವೆಂದು ಸಾರುವುದರೊಂದಿಗೆ, ಹಿಂದೆ ಧರ್ಮಸಭೆಯ ಪಾಲಕರೇ ಅಂಥ ಕ್ರಮಗಳನ್ನು ಅನುಸರಿಸಿದ್ದುಂಟೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದೆ.

ಗುರುಮಠದಲ್ಲಿ ಇದೆಲ್ಲವನ್ನೂ ಓದಿದ್ದ ನಾನು ಏನು ಮಾಡಿದೆ ಎಂಬುದನ್ನೂ ಹೇಳಬೇಕು. ಅನೇಕ ವರ್ಷಗಳ ಹಿಂದಿನ ಮಾತು. ನಾನಾಗ ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಒಣಗಲು ಹಾಕಿದ್ದ ಅಡಿಕೆ ಕಳವಾಯಿತೆಂದು ನಮ್ಮ ಒಕ್ಕಲಿನ ಕೂಲಿ ಹುಡುಗನೊಬ್ಬನನ್ನು ಹಿಡಿದುಕೊಂಡು ಹೋದರು. ಮರುದಿನ ಅವನ ತಾಯಿ ಗುರುನಿವಾಸದ ಜಗುಲಿಯಲ್ಲಿ ಕುಳಿತು, "ಫಾದರ್, ನೀವೊಂದು ಮಾತು ಬಂದು ಕೇಳಿ, ಹುಡುಗನ್ನ ಬಡೀತಿದಾರಂತೆ" ಎಂದು ಬೇಡಿಕೊಂಡಳು. "ಒಪ್ಪಿಕೊಂಡಿದಾನಂತಲ್ಲಮ್ಮಾ, ಏನೂ ಇಲ್ಲದೆ ಯಾರು ಒಪ್ಕೋತಾರೆ?" ಎಂದು ನಾನು ಹೇಳಿದೆ. ಹತ್ತು ದಿನಗಳ ಬಳಿಕ ಆ ಅಡಿಕೆಯನ್ನು ಮನೆಯವರೇ ಒಬ್ಬರು ಮಾರಿದ್ದರೆಂದು ತಿಳಿದುಬಂತು. ಹುಡುಗ ಹಿಂದಿರುಗಿದ. ಅವನ ಎಡಗೈಯ ಎರಡು ಬೆರಳುಗಳು ಮುಂದೆಂದೂ ನೆಟ್ಟಗಾಗಲಿಲ್ಲ. ತಾಯಿ ಪೂಜೆಗೆ ಬರುವುದನ್ನು ಬಿಡಲಿಲ್ಲ, ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಪರಮಪ್ರಸಾದಕ್ಕಾಗಿ ಆಕೆ ಕೈಯೊಡ್ಡಿದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ.

ನಾನು ಅಂದು ಆಡಿದ ಮಾತಿಗೂ, ಶಿಕಾರಿಪುರದ ಆ ಬಾಲಕ ಆಡಿದ ಮಾತಿಗೂ ಏನು ವ್ಯತ್ಯಾಸ? ಅವನು ಹತ್ತು ವರ್ಷದವನು. ನಾನು ಓದಿದವನು.

ಪಿಲಾತನ ಅಂಗಳವನ್ನು ನೆನೆದುಕೊಳ್ಳೋಣ. ಯೇಸುಸ್ವಾಮಿಯಲ್ಲಿ ತಾನು ಯಾವ ಅಪರಾಧವನ್ನೂ ಕಾಣಲಿಲ್ಲವೆಂದು ಹೇಳಿದ ಬಾಯಿಂದಲೇ, ಹೊಡೆಸಿ ಬಿಟ್ಟುಬಿಡುತ್ತೇನೆಂದು ಅವನು ಹೇಳುತ್ತಾನೆ. ಅಪರಾಧವಿಲ್ಲದಿದ್ದರೆ ಹೊಡೆಸುವುದೇಕೆ? ನೆರೆದ ಜನರ ತೃಪ್ತಿಗಾಗಿ. ಆ ಕೊರಡೆಯೇಟುಗಳು ಸತ್ಯವನ್ನು ಹೊರಡಿಸಲು ಬಿದ್ದವಲ್ಲ, ನೋಡುವವರಿಗಾಗಿ ಬಿದ್ದವು. ಪ್ರತಿವರ್ಷ ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿಯನ್ನು ನಡೆಯುವ ನಾವು ಅಲ್ಲಿ ಕಟ್ಟಿಹಾಕಲ್ಪಟ್ಟವರ ಪಕ್ಕದಲ್ಲಿ ನಿಲ್ಲುತ್ತೇವೆ. ಮನೆಗೆ ಬಂದು ಪರದೆಯ ಮುಂದೆ ಕುಳಿತಾಗ ಮಾತ್ರ ಗುಂಪಿನೊಳಗೆ ಸೇರಿಕೊಳ್ಳುತ್ತೇವೆ.

ಹಾಗಾದರೆ ದೂರದರ್ಶನವನ್ನು ಒಡೆದುಹಾಕಬೇಕೇ? ಬೇಡ. ಮಕ್ಕಳ ಪಕ್ಕದಲ್ಲಿ ಕುಳಿತು ನೋಡಿದರೆ ಸಾಕು, ನೋಡಿದ ಮೇಲೆ ಎರಡು ಪ್ರಶ್ನೆ ಕೇಳಿದರೆ ಸಾಕು. ಇವನು ನಿರಪರಾಧಿಯಾಗಿದ್ದರೆ ಏನಾಗುತ್ತಿತ್ತು? ಕಟ್ಟಿಹಾಕಲ್ಪಟ್ಟವನು ನಮ್ಮ ಅಣ್ಣನಾಗಿದ್ದರೆ? ಇದರೊಂದಿಗೆ ಕೆಲವು ಸಂಗತಿಗಳನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು. ಬಂಧಿಸಲ್ಪಟ್ಟವನನ್ನು 24 ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿ ವಿಧಿಸುತ್ತದೆ. ಬಂಧನದ ವಿಷಯವನ್ನು ಮನೆಯವರಿಗೆ ತಿಳಿಸಬೇಕು, ವೈದ್ಯಕೀಯ ತಪಾಸಣೆ ಮಾಡಿಸಬೇಕು, ವಕೀಲರನ್ನು ಕಾಣಲು ಬಿಡಬೇಕು ಎಂದು 1996ರ ಡಿ. ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದೆ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂದು 2020ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ ಹೇಳಿದೆ. ಬಡವರಿಗೆ ಉಚಿತ ಕಾನೂನು ನೆರವು ನೀಡಲು ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದ್ದರೂ ಅದನ್ನು ಸ್ಥಿರೀಕರಿಸಿಲ್ಲ. 2010ರಲ್ಲಿ ಲೋಕಸಭೆ ಅಂಗೀಕರಿಸಿದ ಮಸೂದೆ ಕಾನೂನಾಗದೆ ಬಿದ್ದುಹೋಯಿತು. ಜನ ಕೇಳದ ಕಾನೂನನ್ನು ಸರ್ಕಾರಗಳು ತಾವಾಗಿ ತರುವುದು ಅಪರೂಪ.

ಆ ಸಂಜೆ ಜಪಸರ ಮುಗಿದ ಬಳಿಕ ಹುಡುಗನನ್ನು ಹತ್ತಿರ ಕರೆದು, ಅಡಿಕೆಯ ಕಥೆಯನ್ನು ಹೇಳಿದೆ. ನನ್ನ ತಪ್ಪನ್ನೂ ಬಿಡದೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಆ ಅಣ್ಣನ ಬೆರಳು ಈಗ ಸರಿ ಹೋಯ್ತಾ ಫಾದರ್?" ಎಂದು ಕೇಳಿದ.

"ಇಲ್ಲ ಮಗಾ" ಎಂದೆ.

ಅವನು ತನ್ನ ಎಡಗೈಯನ್ನು ಬಿಡಿಸಿ ಬೆರಳುಗಳನ್ನು ನೋಡಿಕೊಂಡ.